ಮಾಲ್ಗುಡಿಗೆ ಜಾಗ ಕೊಟ್ಟ ಅರಸಾಳು

ನಮ್ಮ ಅಡರಕಟ್ಟಿ ಕಡೆಯ ಹಿರಿಯರು ರೈಲು ನಿಲ್ದಾಣಕ್ಕೆ ಇಂದಿಗೂ 'ಟೇಸನ್' ಎನ್ನುತ್ತಾರೆ, ರೈಲಿಗೆ 'ಗಾಡಿ' ಎನ್ನುತ್ತಾರೆ. ಮಾತು ಇಷ್ಟು ಬಳಕೆಯಲ್ಲಿದ್ದರೂ ನಮ್ಮೂರಿನ ಹೊಲದಂಚಿನಲ್ಲಿ ಹಳಿ ಹಾಯ್ದದ್ದನ್ನು ಕಂಡವರು ಯಾರೂ ಇಲ್ಲ. ಲಕ್ಷ್ಮೇಶ್ವರಕ್ಕೆ ರೈಲು ಬಂದೇ ಇಲ್ಲ. ಮಗ್ಗುಲಿನ ಹಳ್ಳಿಗಳಾದ ನಮಗೆ ಟೇಸನ್ ಅಂದರೆ ಒಂದೋ ಗುಡಗೇರಿ, ಇಲ್ಲವೇ ಯಲವಿಗಿ, ದೊಡ್ಡ ಪಯಣವಾದರೆ ಗದಗ. ನಮ್ಮ ಓಣಿಯ ಹಿರಿಯ ಕಾಕಾ ಒಬ್ಬರು ಹೇಳುತ್ತಿದ್ದರು: "ಮುಂಜಾನೆ ಗಾಡಿ ಇದ್ರ ನಾವು ಹಿಂದಿನ ದಿನಾನ ಚಕ್ಕಡಿ ಹೂಡತಿದ್ವಿ ತಮ್ಮಾ. ಟೇಸನ್ನಿನ್ಯಾಗ ಬುತ್ತಿ ಬಿಚ್ಚಿ ಉಂಡು ಅಲ್ಲೇ ಅಡ್ಡಾಗೋದು. ಗಾಡಿ ತಪ್ಪಿದ್ರ ಮತ್ತೊಂದು ದಿನ ಅಲ್ಲೇ."

ದಕ್ಷಿಣ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು 1882ರಲ್ಲಿ. 1876-78ರ ಭೀಕರ ಬರದ ನಂತರ ಬ್ರಿಟಿಷ್ ಸರಕಾರ ನೇಮಿಸಿದ ಕ್ಷಾಮ ಆಯೋಗ, ಬರಪೀಡಿತ ಸೀಮೆಗಳಿಗೆ ಧಾನ್ಯ ಸಾಗಿಸಲು ರೈಲು ಬೇಕು ಎಂದು ಒತ್ತಿ ಹೇಳಿತ್ತು. ಧಾರವಾಡ ಸೀಮೆಯ ಹತ್ತಿಯೂ ಬಂದರಿಗೆ ಹೋಗಬೇಕಿತ್ತು. ಹೀಗೆ ಬರ ಮತ್ತು ಹತ್ತಿ ಎರಡೂ ಸೇರಿ 1884ರಲ್ಲಿ ಹೊಟಗಿಯಿಂದ ವಿಜಾಪುರ, ಬಾಗಲಕೋಟೆ ಮಾರ್ಗವಾಗಿ ಗದಗಕ್ಕೆ ಮೀಟರ್‌ಗೇಜ್ ರೈಲು ಬಂತು. ಗದಗ ಹುಬ್ಬಳ್ಳಿಗೆ ಕೂಡಿತು. ಆ ದಶಕ ಮುಗಿಯುವಷ್ಟರಲ್ಲಿ ಹುಬ್ಬಳ್ಳಿಯಿಂದ ಹರಿಹರದ ಮೇಲೆ ಬೆಂಗಳೂರಿಗೂ ಹಳಿ ಬಿತ್ತು. ಒಂದು ಹಳಿ ನಮ್ಮ ಉತ್ತರಕ್ಕೆ ಗದಗದಲ್ಲಿ ಹಾಯ್ದರೆ ಇನ್ನೊಂದು ಪಶ್ಚಿಮಕ್ಕೆ ಕುಂದಗೋಳ, ಗುಡಗೇರಿ, ಯಲವಿಗಿಗಳಲ್ಲಿ ಹಾಯಿತು. ಆಗ ಮಿರಜ ಸಂಸ್ಥಾನಕ್ಕೆ ಸೇರಿದ್ದ ಲಕ್ಷ್ಮೇಶ್ವರ ಮತ್ತು ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದ ಶಿರಹಟ್ಟಿ ನಡುವೆ ಉಳಿದುಬಿಟ್ಟವು. ಗದಗದಿಂದ ಲಕ್ಷ್ಮೇಶ್ವರದ ಮೇಲೆ ಯಲವಿಗಿಗೆ ಸುಮಾರು 58 ಕಿಲೋಮೀಟರ್ ಹೊಸ ಮಾರ್ಗ ಹಾಕುವ ಮಾತು ಬಜೆಟ್ಟು, ಸಮೀಕ್ಷೆ, ಮನವಿಪತ್ರಗಳಲ್ಲಿ ಬಹಳ ವರ್ಷಗಳಿಂದ ಓಡಾಡುತ್ತಿದೆ.

ಹೀಗೆ ಟೇಸನ್ ಇಲ್ಲದ ಊರಿನವನಾದ ನನಗೆ ಟೇಸನ್ನುಗಳ ಬಗ್ಗೆ ಒಂದು ಬಗೆಯ ಆಸೆ. ಅದರಲ್ಲೂ ರೈಲು ನಿಂತು ನಿಂತು ಕೊನೆಗೆ ನಿಲ್ಲುವುದನ್ನೇ ಬಿಟ್ಟ ಸಣ್ಣ ಊರುಗಳ ಟೇಸನ್ ಕಂಡರೆ ಇಳಿದು ನೋಡದೆ ಇರಲಾರೆ. ಅಂಥವುಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಅರಸಾಳು.

ಗದಗ ಸೀಮೆಯವನಿಗೂ ಮಲೆನಾಡಿನ ಅರಸಾಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಹೊಂಬುಜದ್ದು. ಲಕ್ಷ್ಮೇಶ್ವರ ಹಳೆಯ ಪುಲಿಗೆರೆ, ಶಂಖಬಸದಿಯ ಊರು. ಇಲ್ಲಿನ ಜೈನ ಮನೆತನಗಳವರು ಹೊಂಬುಜದ ಪದ್ಮಾವತಿ ದೇವಿಯ ದರ್ಶನಕ್ಕೆ ಹೋಗಿ ಬರುವುದು ರೂಢಿ. ಗೆಳೆಯನೊಬ್ಬನ ಮನೆಯವರ ಜೊತೆ ನಾನೂ ಒಮ್ಮೆ ಹೋಗಿದ್ದೆ. ಬರುವಾಗ ರಿಪ್ಪನ್‌ಪೇಟೆ ದಾಟಿ ಶಿವಮೊಗ್ಗದ ದಾರಿ ಹಿಡಿದೆವು. ದಾರಿಯಲ್ಲಿ 'ಅರಸಾಳು' ಎಂಬ ಫಲಕ ಕಂಡಾಗ ಗೆಳೆಯ ಕಾರು ನಿಲ್ಲಿಸಿ, "ಮಾಲ್ಗುಡಿ ಟೇಸನ್ ನೋಡೂಣ ಬಾ" ಅಂದ. ನಮ್ಮ ವಯಸ್ಸಿನವರಿಗೆ ಆ ಹೆಸರಿನ ಮೋಹ ಬಿಡುವುದಿಲ್ಲ. ನಾವು ರೈಲನ್ನು ಸರಿಯಾಗಿ ಕಂಡದ್ದೇ ದೂರದರ್ಶನದಲ್ಲಿ, ಅದೂ ಮಾಲ್ಗುಡಿಯಲ್ಲಿ.

ಆ ಭೇಟಿಯ ನಂತರ ಅರಸಾಳಿನ ಹಳಿಯ ಕತೆಯನ್ನು ಒಂದೊಂದಾಗಿ ಕೂಡಿಸುತ್ತ ಬಂದೆ.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಮುಂದೆ ಮಲೆನಾಡಿನ ಒಳಕ್ಕೆ ಹಳಿ ಹೋಗಲು ಮತ್ತೆ ಮೂರು ದಶಕವೇ ಬೇಕಾಯಿತು. ಮೈಸೂರು ಸಂಸ್ಥಾನ ಹೊತ್ತಿಗೆ ತನ್ನದೇ ರೈಲ್ವೆ ಇಲಾಖೆಯನ್ನು ಕಟ್ಟಿಕೊಂಡಿತ್ತು. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಏಳಿಸಿತ್ತು. ಕುಂಸಿಯ ಕಡೆ ಮ್ಯಾಂಗನೀಸ್ ಅದಿರು ಇತ್ತು. ಕಾಡಿನ ತುಂಬ ಮರ, ತೋಟದ ತುಂಬ ಅಡಿಕೆ, ಬಯಲಲ್ಲಿ ಭತ್ತ. ಆಚೆ ತುದಿಯಲ್ಲಿ ಜೋಗದ ನೀರು ವಿದ್ಯುತ್ತಾಗಲು ಕಾದಿತ್ತು. 1930ರ ದಶಕದಲ್ಲಿ ಶಿವಮೊಗ್ಗದಿಂದ ಕುಂಸಿ, ಅರಸಾಳು, ಆನಂದಪುರ, ಸಾಗರಗಳ ಮೇಲೆ ಮೀಟರ್‌ಗೇಜ್ ಹಳಿ ಹಂತ ಹಂತವಾಗಿ ಮುಂದೆ ಸರಿಯಿತು. 1940ರಲ್ಲಿ ತಾಳಗುಪ್ಪ ಮುಟ್ಟಿ ನಿಂತಿತು. ಅಲ್ಲಿಂದ ಜೋಗ ಸ್ವಲ್ಪವೇ ದೂರ. ಘಟ್ಟ ಇಳಿದು ಕರಾವಳಿಗೆ ಹೋಗುವ ಯೋಚನೆ ಯೋಚನೆಯಾಗಿಯೇ ಉಳಿದು, ತಾಳಗುಪ್ಪ ಇಂದಿಗೂ ಹಳಿಯ ಕೊನೆ.

ಈ ಮಾರ್ಗದಲ್ಲಿ ಅರಸಾಳು ಒಂದು ನಡುನಿಲ್ದಾಣ. ಹೊಸನಗರ, ರಿಪ್ಪನ್‌ಪೇಟೆಯವರಿಗೆ ಅದೇ ರೈಲಿನ ಬಾಗಿಲು. ಹೊಂಬುಜದ ಯಾತ್ರಿಕರಿಗೂ ಅದೇ ಸಮೀಪದ ಟೇಸನ್. ಕಟ್ಟಡ ದೊಡ್ಡದೇನಲ್ಲ. ಮಲೆನಾಡಿನ ಮಳೆಗೆ ತಕ್ಕ ಇಳಿಜಾರಿನ ಹಂಚಿನ ಮಾಡು, ಮುಂದೆ ಜಗಲಿಯಂಥ ನೆರಳು, ಒಳಗೆ ಸ್ಟೇಷನ್ ಮಾಸ್ತರರ ಕೋಣೆ, ಟಿಕೀಟಿನ ಕಿಂಡಿ. ನಮ್ಮ ಕಡೆ ಶಾಲೆಯ ಕಟ್ಟಡವೂ ಅದಕ್ಕಿಂತ ದೊಡ್ಡದಿರುತ್ತದೆ.

ಇಷ್ಟು ಸಣ್ಣ ಊರಿಗೆ ಟೇಸನ್ ಯಾಕೆ ಬೇಕಿತ್ತು ಎಂಬುದಕ್ಕೆ ಊರಿನ ಜನಸಂಖ್ಯೆಯಲ್ಲಿ ಉತ್ತರವಿಲ್ಲ. ಉತ್ತರ ಇರುವುದು ಆ ಕಾಲದ ರೈಲು ಓಡಿಸುವ ಪದ್ಧತಿಯಲ್ಲಿ. ಒಂದೇ ಹಳಿಯ ಮೇಲೆ ಎರಡೂ ಕಡೆಯಿಂದ ಗಾಡಿ ಬರಬೇಕು. ಎದುರುಬದುರಾದರೆ ಅನಾಹುತ. ಅದಕ್ಕೆ ಕೆಲವೇ ಮೈಲಿಗೊಂದರಂತೆ ಟೇಸನ್ ಕಟ್ಟಿ, ಅಲ್ಲಿ ಹಳಿಯನ್ನು ಎರಡಾಗಿ ಕವಲೊಡೆಸಿ, ಒಂದು ಗಾಡಿಯನ್ನು ಬದಿಗೆ ನಿಲ್ಲಿಸಿ ಇನ್ನೊಂದನ್ನು ಬಿಡುತ್ತಿದ್ದರು. ಎರಡು ಟೇಸನ್ನುಗಳ ನಡುವಿನ ಹಳಿಗೆ ಒಂದು ಹೊತ್ತಿಗೆ ಒಂದೇ 'ಟೋಕನ್'. ಲೋಹದ ಚೆಂಡಿನಂಥ ಆ ವಸ್ತು ಮಾಸ್ತರರ ಕೋಣೆಯ ಯಂತ್ರದಿಂದ ಹೊರಬರಬೇಕಾದರೆ ಮುಂದಿನ ಟೇಸನ್ನಿನ ಮಾಸ್ತರರೂ ತಮ್ಮ ಯಂತ್ರದಿಂದ ಒಪ್ಪಿಗೆ ಕೊಡಬೇಕು. ಆ ಚೆಂಡನ್ನು ಚರ್ಮದ ಚೀಲದಲ್ಲಿಟ್ಟು, ದೊಡ್ಡ ಬಳೆಯಂಥ ಬೆತ್ತದ ಚೌಕಟ್ಟಿಗೆ ಕಟ್ಟಿ ಚಾಲಕನ ಕೈಗೆ ಕೊಡುತ್ತಿದ್ದರು. ಅದು ಕೈಯಲ್ಲಿಲ್ಲದೆ ಎಂಥ ಗಾಡಿಯೂ ಮುಂದಿನ ಹಳಿಗೆ ಇಳಿಯುವಂತಿಲ್ಲ. ನಿಲ್ಲದೆ ಹೋಗುವ ಗಾಡಿಯಾದರೆ ಚಾಲಕ ಓಡುತ್ತಲೇ ಒಂದು ಬಳೆ ಎಸೆದು ಇನ್ನೊಂದನ್ನು ತೋಳಿಗೆ ಸಿಕ್ಕಿಸಿಕೊಳ್ಳಬೇಕು.

ಅಂದರೆ ಸಣ್ಣ ಊರಿನ ಟೇಸನ್ ಊರಿಗಾಗಿ ಹುಟ್ಟಿದ್ದಕ್ಕಿಂತ ಹಳಿಗಾಗಿ ಹುಟ್ಟಿದ್ದು ಹೆಚ್ಚು. ಹೇಗೂ ಗಾಡಿ ಅಲ್ಲಿ ನಿಲ್ಲಬೇಕು, ನಿಂತ ಮೇಲೆ ಜನ ಹತ್ತಿದರು. ಜನ ಹತ್ತಿದ ಮೇಲೆ ಚಹಾದವನು ಬಂದ, ಎತ್ತಿನಗಾಡಿಯವನು ಬಂದ, ಅಡಿಕೆ ಮೂಟೆ ಬಂತು, ಟಪಾಲಿನ ಚೀಲ ಬಂತು. ಹೀಗೆ ಊರು ಟೇಸನ್ನನ್ನು ತನ್ನದು ಮಾಡಿಕೊಂಡಿತು. ಮುಂದೆ ರೈಲಿಗೆ ಅಲ್ಲಿ ನಿಲ್ಲುವ ಅಗತ್ಯ ತಪ್ಪಿದಾಗ ಊರಿನ ಅಗತ್ಯವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕರ್ನಾಟಕದ ಎಷ್ಟೋ ಹಳ್ಳಿ ಟೇಸನ್ನುಗಳು ಬಾಗಿಲು ಹಾಕಿದ ಕತೆ ಇದೇ.

ಅರಸಾಳಿನ ವಿಷಯದಲ್ಲಿ ಒಂದು ಕಾಕತಾಳೀಯವಿದೆ. ಮೈಸೂರು ಸಂಸ್ಥಾನ ಈ ಹಳಿಯನ್ನು ಹಾಕುತ್ತಿದ್ದ ದಶಕದಲ್ಲೇ ಅದೇ ಸಂಸ್ಥಾನದಲ್ಲಿ ಬೆಳೆದ ತರುಣನೊಬ್ಬ ಇನ್ನೊಂದು ಟೇಸನ್ ಕಟ್ಟುತ್ತಿದ್ದ. ಆರ್.ಕೆ. ನಾರಾಯಣ್ ಬೆಂಗಳೂರಿನಲ್ಲಿ 1930ರಲ್ಲಿ ತಮ್ಮ ಮೊದಲ ಕಾದಂಬರಿ ಬರೆಯಲು ಕೂತಾಗ ಮೊದಲು ಮನಸ್ಸಿಗೆ ಬಂದದ್ದು ಒಂದು ಸಣ್ಣ ರೈಲು ನಿಲ್ದಾಣವಂತೆ. ಅದಕ್ಕೆ ಅವರು ಕೊಟ್ಟ ಹೆಸರು ಮಾಲ್ಗುಡಿ. ಊರು, ಶಾಲೆ, ನದಿ, ಹುಡುಗ ಸ್ವಾಮಿ ಎಲ್ಲ ಆಮೇಲೆ ಆ ಟೇಸನ್ನಿನ ಸುತ್ತ ಬೆಳೆದವು. 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಪ್ರಕಟವಾಯಿತು. 1958ರ 'ದ ಗೈಡ್' ಕಾದಂಬರಿಯಲ್ಲಂತೂ ಮಾಲ್ಗುಡಿಗೆ ರೈಲು ಬರುವುದೇ ಕತೆಯ ಬೇರು. ಮನೆಯೆದುರು ಹಳಿಯ ಕೆಲಸ ನಡೆಯುವುದನ್ನು ನೋಡುತ್ತ ಬೆಳೆದ ರಾಜು ಮುಂದೆ ಪ್ಲಾಟ್‌ಫಾರ್ಮಿನ ಅಂಗಡಿಯವನಾಗುತ್ತಾನೆ, ಅಲ್ಲಿಂದ ಪ್ರವಾಸಿಗರ ಗೈಡ್ ಆಗಿ 'ರೈಲ್ವೆ ರಾಜು' ಎನಿಸಿಕೊಳ್ಳುತ್ತಾನೆ. ಟೇಸನ್ ಬಂದರೆ ಒಂದು ಊರಿನ ಹುಡುಗನ ಬದುಕು ಎತ್ತ ಹೊರಳಬಹುದು ಎಂಬುದನ್ನು ನಾರಾಯಣ್ ಚೆನ್ನಾಗಿ ಬಲ್ಲವರಾಗಿದ್ದರು.

ಒಂದು ಟೇಸನ್ ಕಾಗದದ ಮೇಲೆ, ಇನ್ನೊಂದು ಕಾಡಿನ ನಡುವೆ. ಎರಡೂ ಒಂದೇ ಕಾಲದವು. ಐದು ದಶಕ ಕಳೆದ ಮೇಲೆ ಒಂದರ ಹೆಸರನ್ನು ಇನ್ನೊಂದು ಹೊರಬೇಕಾಗುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ನಡುವಿನ ಆ ಐದು ದಶಕ ಈ ಹಳಿ ಸುಮ್ಮನೆ ಮಲಗಿರಲಿಲ್ಲ. 1948ರಲ್ಲಿ ಜೋಗದಲ್ಲಿ ಜಲವಿದ್ಯುತ್ ಕೇಂದ್ರ ಉದ್ಘಾಟನೆಯಾಯಿತು. 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು, ಶರಾವತಿ ಹಿನ್ನೀರಿನಲ್ಲಿ ಊರೂರೇ ಮುಳುಗಿದವು. ಆ ದೊಡ್ಡ ಕಾಮಗಾರಿಗಳಿಗೆಲ್ಲ ಹತ್ತಿರದ ರೈಲು ತುದಿ ಎಂದರೆ ತಾಳಗುಪ್ಪವೇ.

1951ರ ಏಪ್ರಿಲ್ 14ರಂದು ಮೈಸೂರು ಸಂಸ್ಥಾನದ ರೈಲ್ವೆ, ಮದ್ರಾಸ್ ಮತ್ತು ದಕ್ಷಿಣ ಮರಾಠಾ ರೈಲ್ವೆ, ಸೌತ್ ಇಂಡಿಯನ್ ರೈಲ್ವೆ ಮೂರೂ ಸೇರಿ ದಕ್ಷಿಣ ರೈಲ್ವೆಯಾದವು. ನಮ್ಮ ಗುಡಗೇರಿಯೂ ಅರಸಾಳೂ ಅಂದಿನಿಂದ ಒಂದೇ ರೈಲ್ವೆಯ ಟೇಸನ್ನುಗಳು. ಅದೇ ವಾರ ಸಾಗರದ ಪಕ್ಕದ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಶುರುವಾಯಿತು. ಗೇಣಿ ಭತ್ತ ಅಳೆಯುವ ಕೊಳಗದ ಅಳತೆ ನ್ಯಾಯವಾಗಿರಲಿ ಎಂಬಲ್ಲಿಂದ ಹೊರಟ ಹೋರಾಟ ಅದು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮುಂತಾದವರು ಮುಂದೆ ನಿಂತರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಸತ್ಯಾಗ್ರಹದಲ್ಲಿ ಭಾಗಿಯಾದರು. ಅವರನ್ನು ಪೊಲೀಸರು ಬಂಧಿಸಿದ್ದು ಸಾಗರದ ರೈಲು ನಿಲ್ದಾಣದಲ್ಲಿ. ಆ ನಿಲ್ದಾಣಕ್ಕೆ ಲೋಹಿಯಾ ಹೆಸರಿಡಬೇಕೆಂಬ ಒತ್ತಾಯ ಮಲೆನಾಡಿನಲ್ಲಿ ಆಗಾಗ ಕೇಳಿಬರುವುದು ಇದೇ ಕಾರಣಕ್ಕೆ. ಉಳುವವನ ಹಕ್ಕಿನ ಮಾತು ನಮ್ಮ ನಾಡಿನಲ್ಲಿ ಗಟ್ಟಿಯಾಗಿ ಎದ್ದದ್ದು ಈ ಹಳಿಯ ದಂಡೆಯಲ್ಲಿ.

ಇನ್ನು ಮಾಲ್ಗುಡಿಯ ಮಾತು. 1980ರ ದಶಕದ ನಡುವೆ ಶಂಕರ್ ನಾಗ್ ನಾರಾಯಣರ ಕತೆಗಳನ್ನು ದೂರದರ್ಶನಕ್ಕಾಗಿ ಧಾರಾವಾಹಿ ಮಾಡಲು ಹೊರಟರು. ನಿರ್ಮಾಪಕರು ಟಿ.ಎಸ್. ನರಸಿಂಹನ್, ಸಂಗೀತ ಎಲ್. ವೈದ್ಯನಾಥನ್, ಆರಂಭದ ಚಿತ್ರಗಳು ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣ್ ಅವರವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಊರಿನ ದೃಶ್ಯಗಳಿಗೆ ಆಗುಂಬೆಯನ್ನು ಆರಿಸಿದರು. ಆಗುಂಬೆಯಲ್ಲಿ ಎಲ್ಲ ಇತ್ತು, ರೈಲು ಮಾತ್ರ ಇರಲಿಲ್ಲ. ಟೇಸನ್ನಿಗಾಗಿ ಅರಸಾಳಿಗೆ ಬಂದರು. ಹಳೆಯ ಕಟ್ಟಡ, ಮೀಟರ್‌ಗೇಜ್ ಹಳಿ, ಸುತ್ತ ಮರ, ಜನಸಂದಣಿ ಇಲ್ಲದ ಪ್ಲಾಟ್‌ಫಾರ್ಮ್. ಹೊಸದಾಗಿ ಏನೂ ಕಟ್ಟಬೇಕಿರಲಿಲ್ಲ. 1986-87ರಲ್ಲಿ ಧಾರಾವಾಹಿ ಪ್ರಸಾರವಾದಾಗ ದೇಶದ ಮನೆಮನೆಯಲ್ಲಿ ಅರಸಾಳು ಮಾಲ್ಗುಡಿಯಾಯಿತು. ನಮ್ಮ ಕಡೆ ಊರಿಗೊಂದೆರಡು ಟಿ.ವಿ. ಇದ್ದ ಕಾಲ. ಆ ಟಿ.ವಿ. ಇದ್ದ ಮನೆಯ ಪಡಸಾಲೆಯಲ್ಲಿ ಕೂತು ನೋಡಿದ ನಮಗೆ ಹಿಂದಿ ಅರ್ಧ ತಿಳಿಯುತ್ತಿತ್ತು, ಸ್ವಾಮಿಯ ಮುಖ ಪೂರ್ತಿ ತಿಳಿಯುತ್ತಿತ್ತು. ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡಿನ ಬಳಿ ಅಪಘಾತದಲ್ಲಿ ತೀರಿಕೊಂಡರು. ಅರಸಾಳಿನ ಟೇಸನ್ನಿನ ಹಳೆಯ ಬದುಕೂ ಆ ಹೊತ್ತಿಗೆ ಕೊನೆಯ ದಿನಗಳಲ್ಲಿತ್ತು.

1992ರಲ್ಲಿ ಭಾರತೀಯ ರೈಲ್ವೆ ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ಯೋಜನೆ ಕೈಗೆತ್ತಿಕೊಂಡಿತು. ಮೀಟರ್‌ಗೇಜ್ ಅಂದರೆ ಎರಡು ಹಳಿಗಳ ನಡುವೆ 1,000 ಮಿಲಿಮೀಟರ್, ಬ್ರಾಡ್‌ಗೇಜ್ ಅಂದರೆ 1,676 ಮಿಲಿಮೀಟರ್. ಒಂದರ ಗಾಡಿ ಇನ್ನೊಂದರ ಮೇಲೆ ಓಡುವುದಿಲ್ಲ. ಎರಡು ಅಳತೆ ಕೂಡುವಲ್ಲೆಲ್ಲ ಜನ ಇಳಿದು ಹತ್ತಬೇಕು, ಮಾಲು ಇಳಿಸಿ ಏರಿಸಬೇಕು. ಈ ತೊಂದರೆ ತಪ್ಪಿಸುವ ಯೋಜನೆ ಒಳ್ಳೆಯದೇ ಆಗಿತ್ತು. ನಮ್ಮ ಹುಬ್ಬಳ್ಳಿ, ಗದಗ ಕಡೆಯ ಹಳಿಗಳೂ ಆ ದಶಕದಲ್ಲಿ ಅಗಲವಾಗತೊಡಗಿದವು. ಆದರೆ ಎಲ್ಲ ಕಡೆ ಒಮ್ಮೆಗೇ ಕೆಲಸ ಆಗುವಂತಿರಲಿಲ್ಲ. ಬೀರೂರು-ಶಿವಮೊಗ್ಗ ಮಾರ್ಗ ಮೊದಲು ಬ್ರಾಡ್‌ಗೇಜ್ ಆಯಿತು. ಶಿವಮೊಗ್ಗದಿಂದ ತಾಳಗುಪ್ಪದವರೆಗಿನ ಸುಮಾರು ನೂರು ಕಿಲೋಮೀಟರ್ ಮೀಟರ್‌ಗೇಜ್ ಆಗಿಯೇ ಉಳಿದು, ಉಳಿದ ದೇಶದಿಂದ ಕಡಿದುಹೋಯಿತು.

ಕೊಂಡಿ ತಪ್ಪಿದ ಹಳಿಯ ಮೇಲೆ ಎಂಜಿನ್ನು, ಬೋಗಿಗಳನ್ನು ಇಟ್ಟುಕೊಂಡು ಓಡಿಸುವುದು ಕಷ್ಟ. ರಿಪೇರಿಗೆ ಒಯ್ಯುವುದೆಲ್ಲಿಗೆ? ಸರಕು ಸಾಗಣೆ ಅರ್ಥ ಕಳೆದುಕೊಂಡಿತು. ಆಗ ಆ ಹಳಿಯ ಮೇಲೆ ರೈಲುಬಸ್ಸು ಬಂತು. ನೋಡಲು ಬಸ್ಸು, ಓಡುವುದು ಹಳಿಯ ಮೇಲೆ. ಇಡೀ ಒಂದು ಗಾಡಿಯ ಜಾಗದಲ್ಲಿ ಒಂದೇ ಡಬ್ಬಿ. ಮಲೆನಾಡಿನ ಗೆಳೆಯರು ಅದನ್ನು ಇಂದಿಗೂ ಅಕ್ಕರೆಯಿಂದ ನೆನೆಯುತ್ತಾರೆ. ಕಾಡಿನ ನಡುವೆ ಮಳೆಯಲ್ಲಿ ಆ ಒಂಟಿ ಡಬ್ಬಿಯಲ್ಲಿ ಹೋದ ಸುಖವೇ ಬೇರೆ ಎನ್ನುತ್ತಾರೆ. ಆದರೆ ಟೇಸನ್ನಿನ ಕಣ್ಣಿನಿಂದ ನೋಡಿದರೆ ಅದು ಇಳಿಗಾಲ. ಒಂದೇ ಡಬ್ಬಿ ಓಡುವ ಹಳಿಯಲ್ಲಿ ಎದುರು ಬರುವ ಗಾಡಿಯೇ ಇಲ್ಲದಿದ್ದರೆ ಟೋಕನ್ ಯಾಕೆ, ಕವಲು ಹಳಿ ಯಾಕೆ, ಮಾಸ್ತರರು ಯಾಕೆ?

2010-11ರ ಹೊತ್ತಿಗೆ ಬ್ರಾಡ್‌ಗೇಜ್ ತಾಳಗುಪ್ಪ ಮುಟ್ಟಿತು. ಬೆಂಗಳೂರು, ಮೈಸೂರಿನ ನೇರ ರೈಲುಗಳು ಬಂದವು. ಸಾಗರದವರಿಗೆ ಇದು ದೊಡ್ಡ ಲಾಭ, ಅದನ್ನು ಮರೆಯಬಾರದು. ಅರಸಾಳಿನಲ್ಲಿ ಹೊಸ ಹಳಿಗೆ ಹೊಸ ಕಟ್ಟಡ ಬಂತು. ಹಳೆಯ ಟೇಸನ್ ಹಾಗೆಯೇ ನಿಂತಿತು. ಮಲೆನಾಡಿನ ಮಳೆಗಾಲದಲ್ಲಿ ಆರೈಕೆ ಇಲ್ಲದ ಹಂಚಿನ ಮಾಡು ಹೆಚ್ಚು ವರ್ಷ ತಾಳುವುದಿಲ್ಲ. ಒಂದು ಹಂಚು ಜಾರಿದರೆ ರೀಪು ನೆನೆಯುತ್ತದೆ, ರೀಪು ಕೊಳೆತರೆ ಮಾಡು ಕೂರುತ್ತದೆ, ಮಾಡು ಕೂತರೆ ಗೋಡೆಗೆ ಪಾಚಿ ಹತ್ತುತ್ತದೆ. ಅರಸಾಳಿನ ಕಟ್ಟಡವೂ ಪಾಳು ಬಿದ್ದಿತು.

ಬೇರೆ ಹಳ್ಳಿಯ ಟೇಸನ್ ಆಗಿದ್ದರೆ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಅರಸಾಳನ್ನು ಉಳಿಸಿದ್ದು ಮಾಲ್ಗುಡಿ. ನೈಋತ್ಯ ರೈಲ್ವೆಯ ಮೈಸೂರು ವಿಭಾಗ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿತು. ಧಾರಾವಾಹಿಗೆ ಕಲಾ ನಿರ್ದೇಶಕರಾಗಿ ದುಡಿದಿದ್ದ ಜಾನ್ ದೇವರಾಜ್ ಅವರೇ ಈ ಕೆಲಸಕ್ಕೂ ಕೈ ಹಚ್ಚಿದರು. ಕೋವಿಡ್ ಕಾಲದಲ್ಲೇ, 2020ರ ಜುಲೈಯಲ್ಲಿ ಅದು ತೆರೆಯಿತು. ಈಗ ಕಟ್ಟಡ ಚೊಕ್ಕವಾಗಿದೆ. ಒಳಗೆ ಮಾಲ್ಗುಡಿಯ ಪಾತ್ರಗಳು, ದೃಶ್ಯಗಳು. ಪಕ್ಕದಲ್ಲಿ ರೈಲು ಡಬ್ಬಿಯ ರೂಪದ ಚಹಾದಂಗಡಿ. ಜೋಗ ನೋಡಲು ಹೋಗುವವರು ಇಳಿದು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನಾನೂ ತೆಗೆಸಿಕೊಂಡೆ.

ಇದರಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ಸರಕಾರಿ ಇಲಾಖೆಯೊಂದು ತನ್ನ ಪಾಳುಬಿದ್ದ ಕಟ್ಟಡವನ್ನು ಒಂದು ಸಾಹಿತ್ಯ ಕೃತಿಯ ನೆನಪಿಗಾಗಿ ಎತ್ತಿ ನಿಲ್ಲಿಸುವುದು ನಮ್ಮಲ್ಲಿ ದಿನಾ ನಡೆಯುವ ಸಂಗತಿಯಲ್ಲ. ಆದರೂ ಅಲ್ಲಿ ಓಡಾಡುವಾಗ ನನಗೊಂದು ಕೊರೆ ಕಾಣುತ್ತಲೇ ಇತ್ತು. ನಾನು ಹುಡುಕುತ್ತಿದ್ದದ್ದು ಅರಸಾಳನ್ನು, ಕಣ್ಣಿಗೆ ತುಂಬಿದ್ದು ಮಾಲ್ಗುಡಿ. ಇಲ್ಲಿ ನಿಜವಾಗಿ ಕೆಲಸ ಮಾಡಿದ ಮಾಸ್ತರರು, ಪಾಯಿಂಟ್ಸ್‌ಮನ್‌ಗಳು, ಗ್ಯಾಂಗ್‌ಮನ್‌ಗಳು, ಇಲ್ಲಿಂದ ಅಡಿಕೆ ಕಳಿಸಿದವರು, ಶಿವಮೊಗ್ಗದ ಆಸ್ಪತ್ರೆಗೆ, ಕಾಲೇಜಿಗೆ ಹೋದವರು, ಎಷ್ಟು ದಶಕ ಈ ಕಿಂಡಿಯಲ್ಲಿ ಕೈ ಚಾಚಿ ಗಟ್ಟಿ ರಟ್ಟಿನ ಸಣ್ಣ ಟಿಕೀಟು ತೆಗೆದುಕೊಂಡರು! ಸ್ವಾಮಿ ಈ ಪ್ಲಾಟ್‌ಫಾರ್ಮಿನ ಮೇಲೆ ಇದ್ದದ್ದು ಚಿತ್ರೀಕರಣದ ಕೆಲವು ದಿನ.

ಚಹಾ ಕುಡಿಯುತ್ತ ನಿಂತಾಗ ಊರಿನವರೊಬ್ಬರು ಮಾತಿಗೆ ಸಿಕ್ಕರು. ಎಲ್ಲಿಂದ ಬಂದಿರಿ ಎಂದರು. ಗದಗದ ಕಡೆ ಎಂದೆ. "ಅಷ್ಟು ದೂರದಿಂದ ಇದನ್ನ ನೋಡೋಕೆ ಬಂದ್ರಾ ಮಾರಾಯ್ರೆ?" ಎಂದು ನಕ್ಕರು. ನಾನು ಟೇಸನ್ ಚೆನ್ನಾಗಿ ಮಾಡಿದ್ದಾರೆ ಅಂದೆ. ಅವರು ಒಪ್ಪಿದರು. ಆಮೇಲೆ ಹೊಸ ಹಳಿಯ ಕಡೆ ಕೈ ತೋರಿಸಿ, "ಟೇಸನ್ ಚೆಂದ ಆಗಿದೆ, ಸರಿ. ಗಾಡಿ ನಿಲ್ಲಿಸೋದಕ್ಕೆ ಮಾತ್ರ ನಾವು ಅರ್ಜಿ ಹಿಡ್ಕೊಂಡು ಓಡಾಡ್ಬೇಕು ನೋಡಿ" ಎಂದರು.

ಆ ಮಾತಿನ ಹಿಂದೆ ಒಂದು ಸಂಗತಿ ಇದೆ. ಅರಸಾಳು, ಕುಂಸಿಗಳಲ್ಲಿ ಕೆಲವು ಎಕ್ಸ್‌ಪ್ರೆಸ್ ರೈಲುಗಳು ನಿಲ್ಲಬೇಕೆಂಬುದು ಅಲ್ಲಿಯವರ ಹಳೆಯ ಬೇಡಿಕೆ. ರೈಲ್ವೆ ಕೆಲವು ಗಾಡಿಗಳಿಗೆ ನಿಲುಗಡೆ ಕೊಟ್ಟಿತು, ಆದರೆ 'ತಾತ್ಕಾಲಿಕ' ಎಂದು ಕೊಟ್ಟಿತು. ಅವಧಿ ಮುಗಿಯುತ್ತ ಬಂದಾಗ ಮತ್ತೆ ಮುಂದುವರಿಸಿದ್ದೇವೆ ಎಂಬ ಪ್ರಕಟಣೆ. ರೈಲ್ವೆಯ ಲೆಕ್ಕದಲ್ಲಿ ಇದಕ್ಕೆ ಕಾರಣವಿದೆ. ಗಾಡಿಯನ್ನು ಒಂದು ನಿಮಿಷ ನಿಲ್ಲಿಸುವುದೆಂದರೆ ವೇಗ ಇಳಿಸಿ ಮತ್ತೆ ಏರಿಸುವ ಸಮಯ, ಇಂಧನ, ಹಿಂದಿನ ಮುಂದಿನ ಗಾಡಿಗಳ ಹೊಂದಾಣಿಕೆ ಎಲ್ಲ ಕೂಡುತ್ತದೆ. ಅಷ್ಟು ಟಿಕೀಟು ಮಾರಾಟವಾದರೆ ಮಾತ್ರ ನಿಲುಗಡೆ ಗಿಟ್ಟುತ್ತದೆ ಎಂಬುದು ಅವರ ವಾದ. ಬೆಳಗಿನ ಗಾಡಿ ನಿಂತರಷ್ಟೇ ಟಿಕೀಟು ಮಾರಾಟವಾಗುತ್ತದೆ ಎಂಬುದು ಊರಿನವರ ವಾದ. ಎರಡರ ನಡುವೆ ಮ್ಯೂಸಿಯಂ ಕಾಯಂ ಆಗಿದೆ, ನಿಲುಗಡೆ ತಾತ್ಕಾಲಿಕವಾಗಿದೆ.

2019ರ ಸುಮಾರಿಗೆ ಅರಸಾಳು ನಿಲ್ದಾಣದ ಹೆಸರನ್ನೇ ಮಾಲ್ಗುಡಿ ಎಂದು ಬದಲಿಸುವ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಮೈಸೂರು-ಯಲಹಂಕ ನಡುವಿನ ಒಂದು ರೈಲಿಗೆ ಮಾಲ್ಗುಡಿ ಎಕ್ಸ್‌ಪ್ರೆಸ್ ಎಂಬ ಹೆಸರಿದೆ, ಅದು ಚೆಂದ. ಗಾಡಿಗೆ ಕತೆಯ ಹೆಸರಿಟ್ಟರೆ ಯಾರ ಹೆಸರೂ ಅಳಿಯುವುದಿಲ್ಲ. ಊರಿನ ಟೇಸನ್ನಿಗೆ ಇಟ್ಟರೆ ಒಂದು ಊರು ವೇಳಾಪಟ್ಟಿಯಿಂದ ಮಾಯವಾಗುತ್ತದೆ. ವೇಳಾಪಟ್ಟಿಯಲ್ಲಿ ಇಂದಿಗೂ ಅರಸಾಳು ಅರಸಾಳಾಗಿಯೇ ಇದೆ ಎಂಬುದು ನನಗೆ ಸಮಾಧಾನದ ಸಂಗತಿ. ನಾರಾಯಣರ ಮಾಲ್ಗುಡಿಗೆ ಯಾವ ನಕ್ಷೆಯ ಹಂಗೂ ಬೇಕಿಲ್ಲ. ಅರಸಾಳಿಗೆ ನಕ್ಷೆಯಲ್ಲಿ ಒಂದು ಚುಕ್ಕೆ ಬೇಕು, ಅದರ ಮುಂದೆ ಬರುವ ಹೊತ್ತು, ಹೋಗುವ ಹೊತ್ತು ಬೇಕು.

ರೈಲು ಬರದ ಊರಿನಿಂದ ಹೋದವನಿಗೆ ಇದು ಬೇಗ ಹೊಳೆಯುತ್ತದೆ. ನಾಳೆ ಗದಗ-ಯಲವಿಗಿ ಮಾರ್ಗ ಆದರೂ ನಮ್ಮ ಹಳ್ಳಿಗಳಿಗೆ ಏನು ಸಿಗುತ್ತದೆ ಎಂಬುದು ಹಳಿ ಎಲ್ಲಿ ಹಾಯುತ್ತದೆ ಎಂಬುದರಿಂದ ತೀರ್ಮಾನವಾಗುವುದಿಲ್ಲ. ಹಿಂದೆ ಗಾಡಿಗೆ ಎದುರು ಗಾಡಿಯ ಭಯವಿತ್ತು, ಹಾಗಾಗಿ ಸಣ್ಣ ಊರಿನಲ್ಲೂ ನಿಲ್ಲುತ್ತಿತ್ತು. ಈಗಿನ ಸಿಗ್ನಲ್ಲು, ಉದ್ದನೆಯ ಬ್ಲಾಕು, ಜೋಡಿ ಹಳಿಗಳಿಗೆ ಆ ಹಂಗಿಲ್ಲ. ಹೊಲ ಬಿಟ್ಟುಕೊಡುವ ಊರು ಒಂದು, ಗಾಡಿ ಹತ್ತುವ ಊರು ಇನ್ನೊಂದು ಆಗಬಹುದು. ಮಾರ್ಗ ಕೇಳುವ ಮನವಿಪತ್ರಗಳಲ್ಲಿ ಕಿಲೋಮೀಟರಿನ ಲೆಕ್ಕದ ಜೊತೆ ನಿಲುಗಡೆಯ ಲೆಕ್ಕವನ್ನೂ ಈಗಲೇ ಬರೆದಿಡುವುದು ಒಳ್ಳೆಯದು. ಇದು ಅರಸಾಳಿನವರು ನಮಗೆ ಕೊಡಬಹುದಾದ ಬುದ್ಧಿಮಾತು.

ಮ್ಯೂಸಿಯಂ ನೋಡಿಕೊಳ್ಳುವವರಿಗೂ ನನ್ನದೊಂದು ಸಣ್ಣ ಕೋರಿಕೆ. ಸ್ವಾಮಿಯ ಪಕ್ಕದಲ್ಲಿ ಒಂದು ಗೋಡೆಯನ್ನು ಅರಸಾಳಿಗೆ ಬಿಡಲಿ. ಅಲ್ಲಿ ಮೈಸೂರು ಸಂಸ್ಥಾನದ ಕಾಲದ ಈ ಮಾರ್ಗದ ನಕ್ಷೆ ಇರಲಿ, ಒಂದು ಟೋಕನ್ ಬಳೆ, ಒಂದು ರಟ್ಟಿನ ಟಿಕೀಟು ಇರಲಿ. 1951ರ ಕಾಗೋಡಿನ ನಾಲ್ಕು ಸಾಲು ಇರಲಿ. ಇಲ್ಲಿ ದುಡಿದು ನಿವೃತ್ತರಾದವರು ಇನ್ನೂ ಇದ್ದರೆ ಅವರ ಮಾತನ್ನು ಈಗಲೇ ಬರೆದುಕೊಳ್ಳಲಿ, ತಡವಾದರೆ ಸಿಗುವುದಿಲ್ಲ. ಕೊನೆಗೆ ಬಾಗಿಲ ಬಳಿ ಇವತ್ತಿನ ವೇಳಾಪಟ್ಟಿ ತೂಗುಹಾಕಲಿ. ಮಾಲ್ಗುಡಿ ನೋಡಲು ಕಾರಿನಲ್ಲಿ ಬಂದವರು, ಅರಸಾಳಿಗೆ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನೂ ಓದಿಕೊಂಡು ಹೋಗಲಿ.